ಲೆಕ್ಕ ಕೇಳಿದ ಸೀಮೆ: ಆಳುವ ಪಕ್ಷದ ಪ್ರಚಾರ ಮತ್ತು 2023ರ ತೀರ್ಪು



ಜನರ ಬೇಸರಕ್ಕೆ ಗುರಿಯಾದ ಸರ್ಕಾರವೊಂದು ಮತ್ತೆ ಆರಿಸಿ ಬರಬೇಕೆಂದು ಪ್ರಚಾರಕ್ಕೆ ಇಳಿಯುತ್ತದೆ. ಆ ಪ್ರಚಾರ ಫಲ ಕೊಡುತ್ತಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಇಂದು ತಮ್ಮ ಮುಂದೆ ನಾನು ಇಡಬೇಕೆಂದಿರುವ ಪ್ರಶ್ನೆ ಇಷ್ಟೇ. ಗೆದ್ದರೆ ಪ್ರಚಾರ ಚೆನ್ನಾಗಿತ್ತು, ಸೋತರೆ ಕೆಟ್ಟಿತ್ತು ಎಂಬ ಉತ್ತರ ಎಲ್ಲರ ಬಾಯಲ್ಲೂ ಇದೆ. ಅದು ಕಣದ ರಾಶಿ ನೋಡಿ ಬೀಜವನ್ನು ಹೊಗಳುವ ಇಲ್ಲವೇ ಬಯ್ಯುವ ಮಾತು. ನಮ್ಮದು ಮಳೆಯಾಶ್ರಿತ ಸೀಮೆ. ಒಳ್ಳೆಯ ಬೀಜ ಬಿತ್ತಿಯೂ ಶೇಂಗಾ ಒಣಗಿದ್ದನ್ನು ಕಂಡವರು ನಾವು. ಬೀಜದ ಗುಣ ಬೇರೆ, ಮಳೆಯ ಪಾಲು ಬೇರೆ ಎಂದು ನಮಗೆ ಯಾರೂ ಕಲಿಸಿಕೊಡಬೇಕಿಲ್ಲ.

ಈ ಪ್ರಶ್ನೆಯನ್ನು ಇಟ್ಟು ನೋಡಲು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಿಗಿಂತ ಒಳ್ಳೆಯ ಸೀಮೆ ಕರ್ನಾಟಕದಲ್ಲಿ ಇನ್ನೊಂದು ಸಿಕ್ಕುವುದು ಕಷ್ಟ. ತಾಲ್ಲೂಕು ಐದು, ವಿಧಾನಸಭಾ ಕ್ಷೇತ್ರ ನಾಲ್ಕು. ಕೊಟ್ಟೂರಿಗೆ ತಾಲ್ಲೂಕಿನ ಪಟ್ಟ ಬಂದದ್ದು ಈಚೆಗೆ. ಅದರ ಹೆಸರಿನಲ್ಲಿದ್ದ ವಿಧಾನಸಭಾ ಕ್ಷೇತ್ರ ಮಾತ್ರ 2008ರ ಪುನರ್ವಿಂಗಡಣೆಯಲ್ಲೇ ಅಳಿಸಿಹೋಗಿತ್ತು. ತಹಶೀಲ್ದಾರರನ್ನು ಪಡೆಯುವ ಹತ್ತು ವರ್ಷ ಮೊದಲೇ ಶಾಸಕರನ್ನು ಕಳೆದುಕೊಂಡ ಊರು ಅದು.

2023ರ ಮೇ 10ರಂದು ಮತದಾನ, 13ರಂದು ಎಣಿಕೆ. ಕೂಡ್ಲಿಗಿಯಲ್ಲಿ ಕಾಂಗ್ರೆಸ್ಸಿನ ಡಾ. ಎನ್.ಟಿ. ಶ್ರೀನಿವಾಸ್ ಐವತ್ತು ಸಾವಿರಕ್ಕೂ ಮೀರಿದ ಅಂತರದಲ್ಲಿ ಗೆದ್ದರು. ಹಗರಿಬೊಮ್ಮನಹಳ್ಳಿಯಲ್ಲಿ ಜೆಡಿಎಸ್‌ನ ಕೆ. ನೇಮರಾಜ ನಾಯ್ಕ ಗೆದ್ದರು. ಹಡಗಲಿಯಲ್ಲಿ ಬಿಜೆಪಿಯ ಕೃಷ್ಣ ನಾಯ್ಕ ಒಂದೂವರೆ ಸಾವಿರಕ್ಕೂ ಕಡಿಮೆ ಮತಗಳಿಂದ ದಡ ಸೇರಿದರು. ಹರಪನಹಳ್ಳಿಯಲ್ಲಿ ಕಾಂಗ್ರೆಸ್ ಟಿಕೆಟ್ ಸಿಗದೆ ಪಕ್ಷೇತರರಾಗಿ ನಿಂತ ಲತಾ ಮಲ್ಲಿಕಾರ್ಜುನ ಹದಿಮೂರು ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ನಾಲ್ಕು ಕ್ಷೇತ್ರ, ನಾಲ್ಕು ಬೇರೆ ಬೇರೆ ಗುರುತು. ಒಂದೇ ಬಿಸಿಲು, ಒಂದೇ ಮೆಕ್ಕೆಜೋಳ, ಒಂದೇ ಗುಳೆಯ ಬಸ್ಸು, ಒಂದೇ ಬಿಜೆಪಿ ಸರ್ಕಾರ. ಆದರೂ ತೀರ್ಪು ನಾಲ್ಕು ದಿಕ್ಕಿಗೆ ಹೋಯಿತು.

ಮೇಲಿಂದ ನೋಡಿದವರಿಗೆ ಇದು ಗೊಂದಲ. ಕೊಂಚ ಬಾಗಿ ನೋಡಿದರೆ ಗೊಂದಲದೊಳಗೆ ಒಂದು ಕ್ರಮ ಕಾಣುತ್ತದೆ. ಹಗರಿಬೊಮ್ಮನಹಳ್ಳಿಯಲ್ಲಿ ಹಾಲಿ ಶಾಸಕರಾಗಿದ್ದ ಕಾಂಗ್ರೆಸ್ಸಿನ ಭೀಮಾ ನಾಯ್ಕ ಸೋತರು. ಹಡಗಲಿಯಲ್ಲಿ ಹಾಲಿ ಶಾಸಕರಾಗಿದ್ದ ಕಾಂಗ್ರೆಸ್ಸಿನ ಪಿ.ಟಿ. ಪರಮೇಶ್ವರ ನಾಯ್ಕ ಸೋತರು. ಹರಪನಹಳ್ಳಿಯಲ್ಲಿ ಹಾಲಿ ಶಾಸಕರಾಗಿದ್ದ ಬಿಜೆಪಿಯ ಜಿ. ಕರುಣಾಕರ ರೆಡ್ಡಿ ಸೋತರು. ಕೂಡ್ಲಿಗಿಯ ಬಿಜೆಪಿ ಶಾಸಕ ಎನ್.ವೈ. ಗೋಪಾಲಕೃಷ್ಣ ಮಾರ್ಚ್ ಕೊನೆಗೆ ರಾಜೀನಾಮೆ ಕೊಟ್ಟು, ಕಾಂಗ್ರೆಸ್ ಸೇರಿ, ತಮ್ಮ ಹಳೆಯ ಕ್ಷೇತ್ರ ಮೊಳಕಾಲ್ಮೂರಿಗೆ ಹೋಗಿ ಅಲ್ಲಿ ಗೆದ್ದರು. ಕುರ್ಚಿಯಲ್ಲಿ ಕೂತಿದ್ದವರಲ್ಲಿ ಇದ್ದಲ್ಲೇ ನಿಂತು ಮತ ಕೇಳಿದವರೆಲ್ಲ ಮನೆಗೆ ಹೋದರು, ಜಾಗ ಬಿಟ್ಟವರೊಬ್ಬರು ಉಳಿದರು. ಬೆಂಗಳೂರಿನಲ್ಲಿ ಯಾರ ಸರ್ಕಾರ ಎಂಬುದಕ್ಕಿಂತ ‘ನಮ್ಮೂರಿಗೆ ಐದು ವರ್ಷ ಯಾರು ಬಂದರು, ಯಾರು ಬರಲಿಲ್ಲ’ ಎಂಬುದನ್ನೇ ಇಲ್ಲಿಯ ಮತದಾರರು ತೂಗಿದಂತೆ ಕಾಣುತ್ತದೆ.

ಆದ್ದರಿಂದ ‘ಆಡಳಿತ ವಿರೋಧಿ ಅಲೆ’ ಎಂಬ ಮಾತನ್ನು ನಾವು ಎಚ್ಚರದಿಂದ ಬಳಸಬೇಕು. ಪತ್ರಿಕೆಗಳು ಅದನ್ನು ಒಂದೇ ಅಲೆ ಎಂಬಂತೆ ಬರೆಯುತ್ತವೆ. ಇಲ್ಲಿ ಎದ್ದದ್ದು ಎರಡು ಅಲೆ. ರಾಜ್ಯ ಸರ್ಕಾರದ ಮೇಲಿನ ಸಿಟ್ಟು ಒಂದು, ಸ್ಥಳೀಯ ಶಾಸಕರ ಮೇಲಿನ ಸಿಟ್ಟು ಇನ್ನೊಂದು. ಅವು ಹರಪನಹಳ್ಳಿಯಲ್ಲಿ ಕೂಡಿಕೊಂಡವು, ಹಡಗಲಿಯಲ್ಲಿ ಎದುರುಬದುರಾದವು. ಹಡಗಲಿಯಲ್ಲಿ ಎರಡನೆಯದು ಮೊದಲನೆಯದಕ್ಕಿಂತ ಒಂದು ಗೇಣು ಎತ್ತರವಾಗಿತ್ತು, ಅಷ್ಟೇ. ಹಳೆಯ ಬಳ್ಳಾರಿ ಜಿಲ್ಲೆಯ ಹತ್ತು ಕ್ಷೇತ್ರಗಳಲ್ಲಿ ಆಳುವ ಪಕ್ಷಕ್ಕೆ ದಕ್ಕಿದ್ದು ಹಡಗಲಿ ಒಂದೇ. ಅದೂ ಅದರ ಎದುರಾಳಿಯೇ ಹಾಲಿ ಶಾಸಕರಾಗಿದ್ದ ಕ್ಷೇತ್ರ.

ಈಗ ರಾಜ್ಯದ ಚಿತ್ರಕ್ಕೆ ಬರೋಣ. 2018ರಲ್ಲಿ 104 ಸ್ಥಾನ ಪಡೆದಿದ್ದ ಬಿಜೆಪಿ 2023ರಲ್ಲಿ 66ಕ್ಕೆ ಇಳಿಯಿತು. ಕಾಂಗ್ರೆಸ್ 80ರಿಂದ 135ಕ್ಕೆ ಏರಿತು. ಜೆಡಿಎಸ್ 37ರಿಂದ 19ಕ್ಕೆ ಕುಸಿಯಿತು. ಆದರೆ ಬಿಜೆಪಿಯ ಮತ ಪ್ರಮಾಣ ಎರಡೂ ಸಲ ಹೆಚ್ಚುಕಡಿಮೆ ಶೇ. 36. ಕಾಂಗ್ರೆಸ್ ಮಾತ್ರ ಶೇ. 38ರಿಂದ ಸುಮಾರು 43ಕ್ಕೆ ಹೋಯಿತು, ಜೆಡಿಎಸ್ 18ರಿಂದ 13ಕ್ಕೆ ಇಳಿಯಿತು. ಈ ಅಂಕಿಗಳನ್ನು ಮುಂದಿಟ್ಟು ಬಿಜೆಪಿಯ ಹಿತೈಷಿಗಳು ವಾದಿಸಿದರು: ನಮ್ಮ ಮತ ಎಲ್ಲೂ ಹೋಗಿಲ್ಲ, ಪ್ರಚಾರ ಕೆಲಸ ಮಾಡಿದೆ, ತ್ರಿಕೋನ ಸ್ಪರ್ಧೆ ಒಡೆದದ್ದರಿಂದ ಸೋತೆವು. ಈ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಅಷ್ಟು ಅಪಕೀರ್ತಿ ಹೊತ್ತ ಸರ್ಕಾರ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಮತ ಉಳಿಸಿಕೊಂಡಿತೆಂದರೆ ಪ್ರಚಾರದ ಯಂತ್ರ ಎಲ್ಲೋ ತಿರುಗಿದೆ ಎಂದೇ ಅರ್ಥ.

ಎಲ್ಲಿ ತಿರುಗಿತು? ಬೆಂಗಳೂರಿನಲ್ಲಿ ತಿರುಗಿತು. ಮೇ 6 ಮತ್ತು 7ರಂದು ಪ್ರಧಾನಿ ನರೇಂದ್ರ ಮೋದಿಯವರ ರೋಡ್ ಶೋ ನಡೆದ ನಗರದಲ್ಲಿ 28ರ ಪೈಕಿ ಅರ್ಧಕ್ಕಿಂತ ಹೆಚ್ಚು ಸ್ಥಾನ ಬಿಜೆಪಿಗೇ ಹೋದವು. ಹಳೆಯ ಮೈಸೂರಿನಲ್ಲೂ ಅದರ ಮತ ಏರಿತು, ಸ್ಥಾನ ಏರಲಿಲ್ಲ. ಕಲ್ಯಾಣ ಕರ್ನಾಟಕದ 41 ಕ್ಷೇತ್ರಗಳಲ್ಲಿ ಮಾತ್ರ ಅದಕ್ಕೆ ಹತ್ತು, ಕಾಂಗ್ರೆಸ್ಸಿಗೆ 26. ಹೊಸ ಜಾಗದಲ್ಲಿ ಗಳಿಸಿದ್ದು ಲೆಕ್ಕಕ್ಕೆ ಬರಲಿಲ್ಲ, ಹಳೆಯ ಜಾಗದಲ್ಲಿ ಕಳೆದದ್ದು ಪೂರ್ತಿ ಲೆಕ್ಕಕ್ಕೆ ಬಂತು. ನಗರದ ರಸ್ತೆಯ ಎರಡೂ ಬದಿ ನಿಂತು ಹೂ ಎಸೆಯುವವರಿಗೆ ಹೇಳಿಮಾಡಿಸಿದ ಪ್ರಚಾರ ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯ ಕಡೆಗೆ ಬಂದಾಗ ಅದರ ದನಿ ಅಡಗಿತು.

ಮಹನೀಯರೇ, ಇಲ್ಲಿ ನಮ್ಮದೇ ಸೀಮೆಯ ಒಂದು ಆಚರಣೆಯತ್ತ ತಮ್ಮ ಗಮನ ಸೆಳೆಯುತ್ತೇನೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಕಾರ್ಣಿಕ, ಅಂದರೆ ದೈವದ ಭವಿಷ್ಯವಾಣಿ, ನಡೆಯುತ್ತದೆ. ಹನ್ನೊಂದು ದಿನ ಉಪವಾಸವಿದ್ದ ಗೊರವಯ್ಯ ಕಂಬಳಿ ಹೊದ್ದು ಡೆಂಕನಮರಡಿಯಲ್ಲಿ ನೆಟ್ಟ ಬಿಲ್ಲನ್ನು ಏರುತ್ತಾನೆ. ಸುತ್ತ ಲಕ್ಷ ಲಕ್ಷ ಜನ. ಮೇಲಿನಿಂದ ಆತ ‘ಸದ್ದಲೇ’ ಎಂದರೆ ಅಷ್ಟೂ ಜನ ಉಸಿರು ಹಿಡಿದು ನಿಲ್ಲುತ್ತಾರೆ. ಒಂದೇ ಒಂದು ವಾಕ್ಯ ಬೀಳುತ್ತದೆ, ಅದರ ಹಿಂದೆಯೇ ಗೊರವಯ್ಯನೂ ಬೀಳುತ್ತಾನೆ. ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಆಮೇಲೆ ವರ್ಷವಿಡೀ ಆ ವಾಕ್ಯಕ್ಕೆ ಅರ್ಥ ಹುಡುಕುವ ಕೆಲಸ. ರೈತನಿಗೆ ಅದು ಮಳೆ, ವ್ಯಾಪಾರಿಗೆ ಧಾರಣೆ, ರಾಜಕಾರಣಿಗೆ ಕುರ್ಚಿ. ಚುನಾವಣೆಯ ವರ್ಷದಲ್ಲಿ ಮೂರೂ ಪಕ್ಷದವರು ಒಂದೇ ನುಡಿಯಲ್ಲಿ ತಮ್ಮ ತಮ್ಮ ಗೆಲುವನ್ನು ಕಾಣುತ್ತಾರೆ.

ನಾನು ಇದನ್ನು ಭವಿಷ್ಯದ ದೃಷ್ಟಿಯಿಂದ ಹೇಳುತ್ತಿಲ್ಲ. ಪ್ರಚಾರದ ವ್ಯಾಕರಣ ಇದರಲ್ಲಿದೆ. ಮಾತು ಚಿಕ್ಕದು, ಅರ್ಥ ಕೇಳುವವನದು. ಆದರೆ ಮೊದಲು ಸದ್ದು ಅಡಗಬೇಕು. ಹನ್ನೊಂದು ದಿನದ ಉಪವಾಸ ಆ ಬಾಯಿಗೆ ತೂಕ ತಂದಿರುವುದರಿಂದ ಸದ್ದು ಅಡಗುತ್ತದೆ. ಜನಪ್ರಿಯತೆ ಕಳೆದುಕೊಂಡ ಸರ್ಕಾರದ ತೊಡಕು ಇಲ್ಲಿಯೇ. ಅದರ ಬಳಿ ಮಾತಿಗೆ ಬರವಿರುವುದಿಲ್ಲ. ಹಣ, ಜಾಹೀರಾತು, ವೇದಿಕೆ, ಹೆಲಿಕಾಪ್ಟರ್ ಎಲ್ಲವೂ ಇರುತ್ತವೆ. ‘ಸದ್ದಲೇ’ ಎಂದಾಗ ಸದ್ದು ಅಡಗುವುದಿಲ್ಲ.

2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಗೋಡೆಗಳ ಮೇಲೆ ‘ಪೇಸಿಎಂ’ ಎಂಬ ಭಿತ್ತಿಪತ್ರ ಕಾಣಿಸಿತು. ಕ್ಯೂಆರ್ ಕೋಡಿನ ನಡುವೆ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರ ಮುಖ. ಗುತ್ತಿಗೆದಾರರ ಸಂಘದ ‘ಶೇ. 40 ಕಮಿಷನ್’ ಆರೋಪ ಆ ಹೊತ್ತಿಗೆ ಮನೆಮಾತಾಗಿತ್ತು. ಅದೇ ವರ್ಷದ ಏಪ್ರಿಲಿನಲ್ಲಿ ಉಡುಪಿಯ ವಸತಿಗೃಹವೊಂದರಲ್ಲಿ ಗುತ್ತಿಗೆದಾರ ಸಂತೋಷ್ ಪಾಟೀಲ್ ಅವರ ಸಾವು, ಸಚಿವ ಕೆ.ಎಸ್. ಈಶ್ವರಪ್ಪ ಅವರ ರಾಜೀನಾಮೆ ನಡೆದಿದ್ದವು. 2023ರ ಮಾರ್ಚಿನಲ್ಲಿ, ನಮ್ಮ ಹರಪನಹಳ್ಳಿ ಹಿಂದೆ ಸೇರಿದ್ದ ದಾವಣಗೆರೆ ಜಿಲ್ಲೆಯ ಚನ್ನಗಿರಿಯ ಬಿಜೆಪಿ ಶಾಸಕರ ಮಗ ಲೋಕಾಯುಕ್ತದ ಬಲೆಗೆ ಬಿದ್ದರು. ನ್ಯಾಯಾಲಯದಲ್ಲಿ ಯಾವುದು ನಿಂತಿತು, ಯಾವುದು ಬಿತ್ತು ಎಂಬುದು ಬೇರೆ ವಿಚಾರ. ಈಶ್ವರಪ್ಪನವರ ಮೇಲಿನ ಆರೋಪಕ್ಕೆ ಆಧಾರ ಸಿಕ್ಕಿಲ್ಲವೆಂದು ಪೊಲೀಸರೇ ವರದಿ ಕೊಟ್ಟರು. ಆದರೂ ಆರೋಪಕ್ಕೆ ಒಂದು ಸಂಖ್ಯೆ ಸಿಕ್ಕಿತ್ತು. ಸಂಖ್ಯೆ ಸಿಕ್ಕ ಆರೋಪಕ್ಕೆ ಸಂಖ್ಯೆಯಿಂದಲೇ ಉತ್ತರ ಕೊಡಬೇಕಾಗುತ್ತದೆ. ಎಷ್ಟು ಕಾಮಗಾರಿ, ಎಷ್ಟು ಬಿಲ್ಲು, ಎಷ್ಟು ಬಾಕಿ ಎಂಬ ಪಟ್ಟಿ ಇಡಬೇಕಾಗುತ್ತದೆ. ‘ಹಿಂದಿನವರೂ ತಿಂದಿದ್ದರು’ ಎಂಬುದು ಉತ್ತರವಾಗುವುದಿಲ್ಲ, ಅದು ಆರೋಪಕ್ಕೆ ಹಾಕಿದ ಅರ್ಧ ಸಹಿ.

ಇಕ್ಕಟ್ಟಿಗೆ ಸಿಕ್ಕ ಆಳುವ ಪಕ್ಷ ಸಾಮಾನ್ಯವಾಗಿ ಮೊದಲು ಮುಖ ಬದಲಿಸುತ್ತದೆ. ಬಿಜೆಪಿ 2021ರ ಜುಲೈನಲ್ಲಿ ಬಿ.ಎಸ್. ಯಡಿಯೂರಪ್ಪನವರನ್ನು ಇಳಿಸಿ ಬೊಮ್ಮಾಯಿಯವರನ್ನು ಕೂರಿಸಿತು. ಚುನಾವಣೆ ಬಂದಾಗ ಅವರನ್ನೂ ಮುಂದಿಡದೆ ಸಾಮೂಹಿಕ ನಾಯಕತ್ವ ಎಂದಿತು, ಮೋದಿಯವರ ಹೆಸರಲ್ಲಿ ಮತ ಕೇಳಿತು. ಗುಜರಾತಿನಲ್ಲಿ ಇದೇ ಪಕ್ಷ 2021ರಲ್ಲಿ ಇಡೀ ಸಂಪುಟವನ್ನೇ ಬದಲಿಸಿ ಮರುವರ್ಷ 182ರಲ್ಲಿ 156 ಸ್ಥಾನ ಗೆದ್ದಿತ್ತು. ಬ್ರಿಟನ್ನಿನಲ್ಲಿ ಕನ್ಸರ್ವೇಟಿವ್ ಪಕ್ಷ 1990ರಲ್ಲಿ ಮಾರ್ಗರೆಟ್ ಥ್ಯಾಚರ್ ಅವರನ್ನು ಬಿಟ್ಟು ಜಾನ್ ಮೇಜರ್ ಅವರನ್ನು ತಂದು 1992ರಲ್ಲಿ ಗೆದ್ದಿತು. ಅದೇ ಪಕ್ಷ ಈಚೆಗೆ ಪ್ರಧಾನಿಗಳನ್ನು ಒಬ್ಬರ ಹಿಂದೆ ಒಬ್ಬರಂತೆ ಬದಲಿಸಿ 2024ರಲ್ಲಿ 121 ಸ್ಥಾನಕ್ಕೆ ಕುಸಿಯಿತು. ಮುಖ ಬದಲಾವಣೆಯ ಔಷಧ ಕೆಲವೊಮ್ಮೆ ಕೆಲಸ ಮಾಡುತ್ತದೆ. ಆದರೆ ಬಂದ ಹೊಸಬರು ಹಳೆಯ ಲೆಕ್ಕವನ್ನು ಚುಕ್ತಾ ಮಾಡುವವರು ಎಂದು ಜನ ನಂಬಬೇಕು. ಕರ್ನಾಟಕದಲ್ಲಿ ಹಾಗಾಗಲಿಲ್ಲ. ಹೊಸ ಮುಖಗಳಿಗೆ ದಾರಿ ಮಾಡಲೆಂದು ಟಿಕೆಟ್ ತಪ್ಪಿಸಿದ್ದರಿಂದ ಜಗದೀಶ ಶೆಟ್ಟರ್, ಲಕ್ಷ್ಮಣ ಸವದಿ ಕಾಂಗ್ರೆಸ್ಸಿಗೆ ಹೋದರು. ಶೆಟ್ಟರ್ ಸೋತರು, ಸವದಿ ಗೆದ್ದರು. ಸೀಟಿನ ಲೆಕ್ಕದಲ್ಲಿ ಇದು ಚಿಲ್ಲರೆ, ಆದರೆ ಮನೆಯೊಳಗಿನ ಜಗಳ ಬೀದಿಗೆ ಬಿತ್ತು. ನಮ್ಮ ಹಗರಿಬೊಮ್ಮನಹಳ್ಳಿಯ ಫಲಿತಾಂಶವೂ ಇದೇ ಜಾತಿಯದು. 2008ರಲ್ಲಿ ಬಿಜೆಪಿಯಿಂದ ಗೆದ್ದಿದ್ದ ನೇಮರಾಜ ನಾಯ್ಕರಿಗೆ 2023ರಲ್ಲಿ ಅಲ್ಲಿ ಜಾಗವಿರಲಿಲ್ಲ. ಅವರು ತೆನೆ ಹೊತ್ತರು, ಗೆದ್ದರು. ಬಿಜೆಪಿ ಮೂರನೇ ಸ್ಥಾನಕ್ಕೆ ಹೋಯಿತು.

ಆ ಕ್ಷೇತ್ರದ ಬಗ್ಗೆ ಇನ್ನೊಂದು ಮಾತು ಹೇಳದಿದ್ದರೆ ಚಿತ್ರ ಪೂರ್ತಿಯಾಗದು. 2013ರಲ್ಲಿ ಭೀಮಾ ನಾಯ್ಕರು ಗೆದ್ದದ್ದು ಜೆಡಿಎಸ್‌ನಿಂದ, 2018ರಲ್ಲಿ ಕಾಂಗ್ರೆಸ್ಸಿನಿಂದ. 2023ರಲ್ಲಿ ಅವರನ್ನು ಸೋಲಿಸಿದ ನೇಮರಾಜರು ಅದೇ ಜೆಡಿಎಸ್‌ನವರು. ಸ್ಪರ್ಧೆ ಹಳೆಯದೇ, ಬಾಡಿಗೆಯ ಮನೆ ಮಾತ್ರ ಬದಲು. ಇಂಥ ಕಡೆ ಪಕ್ಷದ ಪ್ರಚಾರ ಎಂಬುದೇ ಅರ್ಧ ಕಾಲ್ಪನಿಕ. ಪ್ರಣಾಳಿಕೆ ಬೆಂಗಳೂರಿನಲ್ಲಿ ಬಿಡುಗಡೆಯಾಗುತ್ತದೆ, ಚುನಾವಣೆ ಕೊಟ್ಟೂರಿನ ತೇರುಬೀದಿಯಲ್ಲಿ ಇಬ್ಬರ ನಡುವೆ ನಡೆಯುತ್ತದೆ.

ಮುಖ ಸಾಲದಾದಾಗ ಪಕ್ಷ ವಿಷಯ ಬದಲಿಸುತ್ತದೆ. ಮೇ 2ರಂದು ಕಾಂಗ್ರೆಸ್ ತನ್ನ ಪ್ರಣಾಳಿಕೆಯಲ್ಲಿ ಬಜರಂಗದಳದ ಹೆಸರೆತ್ತಿ ನಿಷೇಧದ ಮಾತಾಡಿತು. ಅದೇ ದಿನ ನಮ್ಮ ಜಿಲ್ಲಾ ಕೇಂದ್ರ ಹೊಸಪೇಟೆಯಲ್ಲಿ ಪ್ರಧಾನಿಯವರ ಸಭೆ. ಹನುಮನ ನೆಲದಲ್ಲಿ ನಿಂತು, ಹಿಂದೆ ರಾಮನನ್ನು ಬಂಧನದಲ್ಲಿಟ್ಟವರು ಈಗ ಬಜರಂಗಬಲಿಯ ಭಕ್ತರನ್ನೂ ಬಂಧಿಸಲು ಹೊರಟಿದ್ದಾರೆ ಎಂಬರ್ಥದ ಮಾತನ್ನು ಅವರು ಆಡಿದರು. ಹನುಮ ಹುಟ್ಟಿದನೆಂದು ಜನ ನಂಬುವ ಅಂಜನಾದ್ರಿ ಬೆಟ್ಟ ಹೊಳೆಯಾಚೆ, ಹತ್ತಿರದಲ್ಲೇ ಇದೆ. ಜಾಗ, ಹೊತ್ತು, ಸಂಕೇತ ಮೂರನ್ನೂ ಒಂದೆಡೆ ಕೂಡಿಸಿದ ಆ ಜಾಣತನವನ್ನು ಯಾರೂ ಅಲ್ಲಗಳೆಯಲಾರರು. ಮರುದಿನದಿಂದ ರಾಜ್ಯವೆಲ್ಲ ಅದೇ ಚರ್ಚೆ. ಚರ್ಚೆಯನ್ನು ಗೆಲ್ಲುವುದೇ ಪ್ರಚಾರವಾದರೆ ಆ ವಾರ ಬಿಜೆಪಿ ಗೆದ್ದಿತ್ತು. ಆದರೆ ಸಭೆ ನಡೆದ ಹೊಸಪೇಟೆಯ ಕ್ಷೇತ್ರವನ್ನೇ ಹನ್ನೊಂದು ದಿನಗಳ ನಂತರ ಅದು ಕಳೆದುಕೊಂಡಿತು. ಇಲ್ಲಿಯ ಹಳ್ಳಿಗಳಲ್ಲಿ ಹನುಮಪ್ಪನ ಗುಡಿಯಿಲ್ಲದ ಊರಿಲ್ಲ. ಶನಿವಾರ ಎಣ್ಣೆ ಹಾಕುವವರಲ್ಲಿ ಎಲ್ಲ ಪಕ್ಷದವರೂ ಇದ್ದಾರೆ. ಹನುಮಪ್ಪನಿಗೆ ಅಪಾಯ ಬಂದಿದೆ ಎಂಬ ಮಾತು ಅವರಿಗೆ ಹೊರಗಿನಿಂದ ಬಂದ ಸುದ್ದಿಯಾಗಿತ್ತು. ಒಲೆಯ ಪಕ್ಕದ ಗ್ಯಾಸ್ ಸಿಲಿಂಡರಿನ ಬೆಲೆ ಸಾವಿರದ ನೂರು ರೂಪಾಯಿ ದಾಟಿದ್ದು ಮನೆಯೊಳಗಿನ ಸುದ್ದಿ. ಚುನಾವಣೆಗೆ ಮುಂಚಿನ ಲೋಕನೀತಿ ಸಮೀಕ್ಷೆಯಲ್ಲೂ ನಿರುದ್ಯೋಗ, ಬಡತನಗಳನ್ನೇ ಜನ ಮುಂದಿಟ್ಟಿದ್ದರು. ತಾನು ತಂದ ಬೆಲೆಯೇರಿಕೆಯನ್ನು ಒಪ್ಪಿಕೊಂಡಂತೆ ಬಿಜೆಪಿಯೂ ತನ್ನ ಪ್ರಣಾಳಿಕೆಯಲ್ಲಿ ಯುಗಾದಿ, ಗಣೇಶ ಚತುರ್ಥಿ, ದೀಪಾವಳಿಗೆ ಒಂದೊಂದರಂತೆ ಮೂರು ಉಚಿತ ಸಿಲಿಂಡರ್, ದಿನಕ್ಕೆ ಅರ್ಧ ಲೀಟರ್ ನಂದಿನಿ ಹಾಲು ಎಂದಿತು. ಅಧಿಕಾರದಲ್ಲಿರುವವರು ‘ಮುಂದೆ ಕೊಡುತ್ತೇವೆ’ ಎಂದರೆ ಕೇಳುವವರ ಬಾಯಿಗೆ ಸಹಜವಾಗಿ ಬರುವ ಮಾತು, ‘ಇಷ್ಟು ದಿನ ಯಾರು ಬ್ಯಾಡ ಅಂದಿದ್ರು?’

ಇನ್ನು ಕೊಡುವ ವಿಚಾರ. ನನಗೆ ಇದು ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಬಿಜೆಪಿ ಸರ್ಕಾರ ಈ ಸೀಮೆಗೆ ಏನೂ ಕೊಡಲಿಲ್ಲ ಎಂದರೆ ಸುಳ್ಳಾಗುತ್ತದೆ. ದೊಡ್ಡದನ್ನೇ ಕೊಟ್ಟಿತು. 2021ರ ಫೆಬ್ರವರಿಯಲ್ಲಿ ವಿಜಯನಗರ ಜಿಲ್ಲೆಯ ಅಧಿಸೂಚನೆ ಬಂತು, ಅಕ್ಟೋಬರ್ 2ರಂದು ಉದ್ಘಾಟನೆಯಾಯಿತು. ಹೊಸಪೇಟೆಯ ಜೊತೆ ನಮ್ಮ ಐದೂ ತಾಲ್ಲೂಕುಗಳು ಅದರಲ್ಲಿ ಸೇರಿದವು. ಹಡಗಲಿಯಿಂದ, ಹರಪನಹಳ್ಳಿಯಿಂದ ಒಂದು ಸಹಿಗಾಗಿ ಬಳ್ಳಾರಿಯವರೆಗೆ ಹೋಗುವ ಪಾಡು ಕಡಿಮೆಯಾಯಿತು. ಎಸ್‌ಟಿ ಮೀಸಲಾತಿ ಶೇ. 3ರಿಂದ 7ಕ್ಕೆ, ಎಸ್‌ಸಿ ಮೀಸಲಾತಿ 15ರಿಂದ 17ಕ್ಕೆ ಏರಿತು. ಕೂಡ್ಲಿಗಿಯ 74 ಕೆರೆಗಳಿಗೆ ನೀರು ತುಂಬಿಸುವ ಯೋಜನೆಗೆ ಚಾಲನೆ ಸಿಕ್ಕಿತು. ಮೇಲುನೋಟಕ್ಕೆ ಇದಕ್ಕಿಂತ ಒಳ್ಳೆಯ ಪ್ರಚಾರ ಸಾಮಗ್ರಿ ಬೇಕೇ?

ಜಿಲ್ಲೆಯನ್ನೇ ನೋಡಿ. ಜಿಲ್ಲೆ ಬಂದದ್ದರಲ್ಲಿ ಹೊಸಪೇಟೆಗೆ ಕಚೇರಿ ಬಂತು, ಜಾಗದ ಬೆಲೆ ಬಂತು. ಹರಪನಹಳ್ಳಿಯಲ್ಲಿ ಕೇಂದ್ರ ತಮಗೇ ಬೇಕಿತ್ತೆಂಬ ಕೂಗು ಎದ್ದಿತ್ತು, ಅಲ್ಲಿಯವರಿಗೆ ಜಿಲ್ಲೆಯ ಜೊತೆಗೇ ಒಂದು ಕೊರಗೂ ಬಂತು. ಮೀಸಲಾತಿಯನ್ನು ನೋಡಿ. 2023ರ ಮಾರ್ಚಿನಲ್ಲಿ ಪರಿಶಿಷ್ಟ ಜಾತಿಯ ಒಳಮೀಸಲಾತಿಯ ಹಂಚಿಕೆ ಪ್ರಕಟವಾದಾಗ ಲಂಬಾಣಿ, ಭೋವಿ, ಕೊರಚ, ಕೊರಮರಿಗೆ ಸೇರಿ ಶೇ. 4.5 ಎಂದಾಯಿತು. ತಾಂಡಾಗಳು ಸಿಟ್ಟಿಗೆದ್ದವು. ಶಿಕಾರಿಪುರದಲ್ಲಿ ಯಡಿಯೂರಪ್ಪನವರ ಮನೆಯ ಮೇಲೆ ಕಲ್ಲು ಬಿದ್ದವು. ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿಗಳಲ್ಲಿ ತಾಂಡಾಗಳ ಮತ ಎಷ್ಟು ತೂಕದ್ದೆಂದು ತಮಗೆ ನಾನು ಹೇಳಬೇಕಿಲ್ಲ. ಹಂಚಿಕೆ ನ್ಯಾಯವೋ ಅನ್ಯಾಯವೋ ಎಂಬ ಚರ್ಚೆ ದಶಕಗಳದ್ದು, ಎಡಗೈ ಸಮುದಾಯಗಳ ಹೋರಾಟಕ್ಕೆ ಅದರದೇ ಆದ ದೀರ್ಘ ಚರಿತ್ರೆಯಿದೆ. ಆದರೆ ಮೂವತ್ತು ವರ್ಷದ ಪ್ರಶ್ನೆಯನ್ನು ನೀತಿಸಂಹಿತೆಗೆ ಐದು ದಿನ ಮುಂಚೆ ಬಿಡಿಸಲು ಹೊರಟರೆ, ಪಡೆದವನಿಗೆ ನಂಬಿಕೆ ಹುಟ್ಟುವಷ್ಟರಲ್ಲಿ ಕಳೆದುಕೊಂಡವನಿಗೆ ಕೋಪ ಬಂದಿರುತ್ತದೆ. ಎಸ್‌ಟಿ ಮೀಸಲಾತಿಯ ಏರಿಕೆಯದ್ದು ಇನ್ನೂ ಸೋಜಿಗ. ರಾಜ್ಯದ 15 ಎಸ್‌ಟಿ ಕ್ಷೇತ್ರಗಳಲ್ಲಿ ಆ ಏರಿಕೆ ಮಾಡಿದ ಪಕ್ಷಕ್ಕೆ ಒಂದೂ ಸಿಗಲಿಲ್ಲ. ಕಾಂಗ್ರೆಸ್ 14, ಜೆಡಿಎಸ್ 1. ಕೂಡ್ಲಿಗಿ ಆ ಹದಿನಾಲ್ಕರಲ್ಲೊಂದು.

ಕೆರೆ ಯೋಜನೆಯ ಕಥೆ ನನ್ನ ವಾದಕ್ಕೆ ಹತ್ತಿರದ್ದು. ಮತದಾನದ ಹೊತ್ತಿಗೆ ಕೆಲಸ ಮುಗಿದಿರಲಿಲ್ಲ, ಕೆರೆಗಳಿಗೆ ಹೊಳೆಯ ನೀರು ಬಂದಿರಲಿಲ್ಲ. ಆದರೂ ‘ಇದನ್ನು ತಂದವರು ನಾವು, ಇಷ್ಟು ಆಗಿದೆ, ಇಷ್ಟು ಉಳಿದಿದೆ’ ಎಂದು ಊರೂರಿಗೆ ಹೋಗಿ ಹೇಳಬಹುದಿತ್ತು. ಹೇಳುವವರು ಯಾರು? ಕ್ಷೇತ್ರದ ಶಾಸಕರೇ ಪಕ್ಷ ಬಿಟ್ಟಿದ್ದರು. ಕೊಟ್ಟೂರಿನ ಎಪಿಎಂಸಿಗೆ ಮೆಕ್ಕೆಜೋಳ ತಂದ ರೈತ ದಲ್ಲಾಳಿ ಅಂಗಡಿಯಲ್ಲಿ ಮೊದಲು ನೋಡುವುದು ತೂಕದ ಚೀಟಿ. ಚೀಲ ಎಷ್ಟು, ತೂಕ ಎಷ್ಟು, ಹಮಾಲಿ ಎಷ್ಟು ಕಡಿದಿದ್ದಾರೆ, ಕೈಗೆ ಬರುವುದೆಷ್ಟು. ಚೀಟಿ ಸರಿಯಿದ್ದರೆ ಧಾರಣೆ ಕಡಿಮೆಯಾದರೂ ಗೊಣಗಿಕೊಂಡು ಮುಂದಿನ ಸಲವೂ ಅದೇ ಅಂಗಡಿಗೆ ಬರುತ್ತಾನೆ. ಚೀಟಿ ಕೊಡಬೇಕಾದವನು ಅಂಗಡಿಯಲ್ಲೇ ಇಲ್ಲದಿದ್ದರೆ ಒಳ್ಳೆಯ ಧಾರಣೆಯನ್ನೂ ನಂಬುವುದಿಲ್ಲ. 2023ರಲ್ಲಿ ಕೂಡ್ಲಿಗಿಯ ಮತದಾರರ ಎದುರು ಚೀಟಿ ಕೊಡುವವರಿರಲಿಲ್ಲ.

ಕೊಟ್ಟದ್ದು ತಾನಾಗಿ ಮತವಾಗುವುದಿಲ್ಲ ಎಂಬುದಕ್ಕೆ ಹರಪನಹಳ್ಳಿಯೇ ಹಿಂದೊಮ್ಮೆ ಸಾಕ್ಷಿ ನುಡಿದಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿದ ಆ ತಾಲ್ಲೂಕು ಇಂದಿನ ಕಲ್ಯಾಣ ಕರ್ನಾಟಕವಾದ ಹೈದರಾಬಾದ್ ಕರ್ನಾಟಕಕ್ಕೆ ಸಿಕ್ಕ ಸಂವಿಧಾನದ 371(ಜೆ) ವಿಧಿಯ ಸೌಲಭ್ಯದಿಂದ ಹೊರಗುಳಿಯಿತು. ನೌಕರಿ, ಕಾಲೇಜು ಸೀಟುಗಳ ಪ್ರಶ್ನೆ ಅದು, ಬೀದಿಗಿಳಿದ ಹೋರಾಟ ನಡೆಯಿತು. ಸಿದ್ದರಾಮಯ್ಯನವರ ಮೊದಲ ಸರ್ಕಾರದ ಕೊನೆಯ ಹಂತದಲ್ಲಿ, ಎಂ.ಪಿ. ರವೀಂದ್ರ ಶಾಸಕರಾಗಿದ್ದಾಗ, ಬೇಡಿಕೆಗೆ ಒಪ್ಪಿಗೆ ಸಿಕ್ಕಿ ತಾಲ್ಲೂಕು ಮತ್ತೆ ಬಳ್ಳಾರಿಯ ದಾರಿ ಹಿಡಿಯಿತು. ಅದರ ಬೆನ್ನಲ್ಲೇ ಬಂದ 2018ರ ಚುನಾವಣೆಯಲ್ಲಿ ರವೀಂದ್ರ ಸೋತರು. ವರ್ಷ ಮುಗಿಯುವ ಮೊದಲೇ ತೀರಿಕೊಂಡರು. 2008ರಲ್ಲಿ ಕರುಣಾಕರ ರೆಡ್ಡಿ, 2013ರಲ್ಲಿ ರವೀಂದ್ರ, 2018ರಲ್ಲಿ ಮತ್ತೆ ರೆಡ್ಡಿ, 2023ರಲ್ಲಿ ರವೀಂದ್ರರ ಸಹೋದರಿ ಲತಾ. ತೊಟ್ಟಿಲು ಆ ಕಡೆ ಈ ಕಡೆ ತೂಗುತ್ತಲೇ ಇದೆ, ಸರ್ಕಾರದ ಸಾಧನೆಗೂ ಅದರ ತೂಗಾಟಕ್ಕೂ ಇರುವ ನಂಟು ಬಹಳ ಸಡಿಲ. 2008ರಲ್ಲಿ ರೆಡ್ಡಿಯವರಿಗೆ ಸೋತವರು ಸ್ವತಃ ರವೀಂದ್ರರ ತಂದೆ ಎಂ.ಪಿ. ಪ್ರಕಾಶ್. ಹಡಗಲಿಯಿಂದ ನಾಲ್ಕು ಸಲ ಗೆದ್ದು ಉಪಮುಖ್ಯಮಂತ್ರಿಯಾಗಿ, ರಂಗಭೂಮಿ ಸಾಹಿತ್ಯಗಳ ನಡುವೆ ಬಾಳಿದ ಹಿರಿಯರು. ಹಡಗಲಿ ಮೀಸಲು ಕ್ಷೇತ್ರವಾದಾಗ ಪಕ್ಕಕ್ಕೆ ಸರಿಯಬೇಕಾಗಿ ಬಂತು. ಸಜ್ಜನಿಕೆಯೂ ಪ್ರಚಾರಕ್ಕೆ ಸಾಲದ ಬಂಡವಾಳವೇ ಎಂದು ಆಗ ಅನೇಕರು ನೊಂದುಕೊಂಡಿದ್ದರು.

ಹಾಗಾದರೆ ಆಳುವ ಪಕ್ಷ ಕರ್ನಾಟಕದಲ್ಲಿ ಗೆದ್ದದ್ದೇ ಇಲ್ಲವೇ? ಗೆದ್ದಿದೆ. ಪ್ರಕಾಶರೂ ಇದ್ದ ಜನತಾ ಸರ್ಕಾರವೇ ಅದಕ್ಕೆ ಉದಾಹರಣೆ. 1984ರ ಲೋಕಸಭಾ ಚುನಾವಣೆಯಲ್ಲಿ ಜನತಾ ಪಕ್ಷಕ್ಕೆ 28ರಲ್ಲಿ ನಾಲ್ಕೇ ಸ್ಥಾನ ಬಂದವು. ರಾಮಕೃಷ್ಣ ಹೆಗಡೆ ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟು, ವಿಧಾನಸಭೆ ವಿಸರ್ಜಿಸಿ ಜನರ ಮುಂದೆ ನಿಂತರು. 1985ರ ಮಾರ್ಚಿನಲ್ಲಿ 139 ಸ್ಥಾನಗಳೊಂದಿಗೆ ಮರಳಿದರು. ಅಲ್ಲಿಂದ ಈಚೆಗೆ ಯಾವ ಆಳುವ ಪಕ್ಷವೂ ರಾಜ್ಯದಲ್ಲಿ ಸತತ ಎರಡನೇ ಸಲ ಗೆದ್ದಿಲ್ಲ. ಹೆಗಡೆಯವರದ್ದು ಒಪ್ಪಿಕೊಂಡು ನಿಂತ ಪ್ರಚಾರ. ‘ನೀವು ನಮ್ಮನ್ನು ತಿರಸ್ಕರಿಸಿದ್ದೀರಿ ಎಂದು ನಮಗೆ ಗೊತ್ತಾಗಿದೆ, ಈಗ ನಮ್ಮ ಕೆಲಸವನ್ನು ಮಾತ್ರ ನೋಡಿ ಹೇಳಿ’ ಎಂಬ ನಿಲುವು ಅದರ ಹಿಂದಿತ್ತು. ಅದು ಲೆಕ್ಕಾಚಾರದ ನಡೆಯೂ ಹೌದು, ಹೆಗಡೆಯವರನ್ನು ಸಂತರನ್ನಾಗಿ ಮಾಡುವ ಅಗತ್ಯವಿಲ್ಲ. ಆದರೆ ಸದ್ದು ಅಡಗಿಸುವ ಬಗೆ ಅವರಿಗೆ ಗೊತ್ತಿತ್ತು. ಸೋಲಿನ ಹೊಣೆಯನ್ನು ಹೊತ್ತವನ ಮಾತಿಗೆ ಜನ ಒಂದು ಗಳಿಗೆ ಕಿವಿಗೊಡುತ್ತಾರೆ. 2023ರ ಬಿಜೆಪಿ ಪ್ರಚಾರದಲ್ಲಿ ಹುಡುಕಿದರೂ ಸಿಗದ್ದು ಇದು. ಕೇಂದ್ರದಲ್ಲೂ ರಾಜ್ಯದಲ್ಲೂ ಒಂದೇ ಪಕ್ಷದ ಸರ್ಕಾರ ಎಂದು ಹೇಳುವ ‘ಡಬಲ್ ಎಂಜಿನ್’ ಮಾತಿನಲ್ಲಿ ಹೊಣೆ ಯಾವ ಎಂಜಿನ್ನಿನದೆಂದೇ ತಿಳಿಯುತ್ತಿರಲಿಲ್ಲ.

ಆದ್ದರಿಂದ ನನ್ನ ತೀರ್ಮಾನ ಹೀಗಿದೆ: ಆ ಪ್ರಚಾರ ತನ್ನವರನ್ನು ಹಿಡಿದಿಟ್ಟುಕೊಳ್ಳುವುದರಲ್ಲಿ ಸಫಲವಾಯಿತು, ಮುನಿದವರ ಜೊತೆ ಮಾತಾಡುವುದರಲ್ಲಿ ಸೋತಿತು. ಮುನಿದವರ ಮತವಿಲ್ಲದೆ ಗೆಲ್ಲಲಾರದ ಪಕ್ಷಕ್ಕೆ ಅದು ಸಾಲದು.

ಎದುರಾಳಿಯ ಪ್ರಚಾರಕ್ಕೂ ಇದೇ ಅಳತೆಗೋಲು ಹಿಡಿಯದಿದ್ದರೆ ಅನ್ಯಾಯವಾದೀತು. ಕಾಂಗ್ರೆಸ್ಸಿನ ಐದು ಗ್ಯಾರಂಟಿಗಳ ಕಾರ್ಡು ಮನೆಮನೆಗೆ ಬಂತು. ಅದರಲ್ಲಿ ಸಿದ್ದರಾಮಯ್ಯ ಮತ್ತು ಡಿ.ಕೆ. ಶಿವಕುಮಾರ್ ಅವರ ಸಹಿ ಇತ್ತು. ಪ್ರಣಾಳಿಕೆಯನ್ನು ಯಾರೂ ಎತ್ತಿಡುವುದಿಲ್ಲ. ಸಹಿಯಿರುವ ಕಾಗದವನ್ನು ನಮ್ಮ ಹೆಣ್ಣುಮಕ್ಕಳು ರೇಷನ್ ಕಾರ್ಡಿನ ಜೊತೆ ಟ್ರಂಕಿನಲ್ಲಿಡುತ್ತಾರೆ. ಅದು ಚೀಟಿಯ ಭಾಷೆ, ಇಲ್ಲಿಯವರಿಗೆ ಅರ್ಥವಾಗುವ ಭಾಷೆ. ಇಷ್ಟಾದರೂ ನಮ್ಮ ನಾಲ್ಕು ಕ್ಷೇತ್ರಗಳಲ್ಲಿ ಕೈ ಗುರುತಿಗೆ ಸಿಕ್ಕಿದ್ದು ಒಂದೇ. ಗ್ಯಾರಂಟಿ ಕಾರ್ಡು ಹಡಗಲಿಗೂ ಬಂದಿತ್ತು, ಹಗರಿಬೊಮ್ಮನಹಳ್ಳಿಗೂ ಬಂದಿತ್ತು. ಹಳೆಯ ಶಾಸಕರ ಹಳೆಯ ಬಾಕಿಯನ್ನು ಹೊಸ ಕಾರ್ಡು ತೀರಿಸಲಿಲ್ಲ.

ಈಗ ಪಾತ್ರ ಅದಲುಬದಲಾಗಿದೆ. ಅಂದು ಕೇಳಿದವರು ಇಂದು ಆಳುವವರು. 2023ರ ಜೂನಿನಲ್ಲಿ ಬಸ್ಸಿನ ಉಚಿತ ಪ್ರಯಾಣ, ಆಗಸ್ಟಿನಲ್ಲಿ ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಆರಂಭವಾದವು. 2024ರ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ರಾಜ್ಯದ 28ರಲ್ಲಿ ಒಂಬತ್ತೇ ಬಂದವು, ಆದರೆ ಕಲ್ಯಾಣ ಕರ್ನಾಟಕದ ಐದೂ ಅದರ ಪಾಲಾದವು, ಬಳ್ಳಾರಿಯೂ ಅದರಲ್ಲಿ ಸೇರಿತ್ತು. ಹರಪನಹಳ್ಳಿ ಸೇರುವ ದಾವಣಗೆರೆಯನ್ನೂ ಅದು ಗೆದ್ದಿತು. 2023ರ ಸೆಪ್ಟೆಂಬರಿನಲ್ಲೇ ಜೆಡಿಎಸ್ ಬಿಜೆಪಿಯ ಜೊತೆ ಕೈಜೋಡಿಸಿದ್ದರಿಂದ ಹಗರಿಬೊಮ್ಮನಹಳ್ಳಿಯ ತೀರ್ಪಿನ ಅರ್ಥವೂ ಮತ ಹಾಕಿದವರನ್ನು ಕೇಳದೆಯೇ ಬದಲಾಗಿತ್ತು. ಮುಂದಿನ ವಿಧಾನಸಭಾ ಚುನಾವಣೆ 2028ಕ್ಕೆ. ಆಳುವ ಪಕ್ಷದ ಪ್ರಚಾರ ಭಾಷಣಕ್ಕಿಂತ ಮೊದಲೇ, ತಿಂಗಳು ತಿಂಗಳು ಬ್ಯಾಂಕಿನ ಖಾತೆಯಲ್ಲಿ ನಡೆಯುತ್ತಿದೆ. ಕಂತು ತಡವಾದ ತಿಂಗಳುಗಳೂ ಇವೆ. ಹರಪನಹಳ್ಳಿಯ ತಾಂಡಾದ ಹೆಣ್ಣುಮಗಳು ಬ್ಯಾಂಕ್ ಮಿತ್ರರ ಮುಂದೆ ಹೆಬ್ಬೆಟ್ಟು ಒತ್ತಿ, ಯಂತ್ರದಿಂದ ಹೊರಬಂದ ಸಣ್ಣ ಕಾಗದವನ್ನು ಓದಬಲ್ಲ ಮಗನ ಕೈಗೆ ಕೊಟ್ಟು ಕೇಳುತ್ತಾಳೆ: ‘ಬಂದೈತೇನು ನೋಡು.’